ಹಿಂದಿನ ಚಕ್ರಕ್ಕೆ ತೂಕ

೧೫ ಮೇ ೧೯೮೮, ಭಾನುವಾರ

ತಂಗಿ ಲಕ್ಷ್ಮೀನರಸಮ್ಮನ ಮನೆಯಲ್ಲಿ ಇವತ್ತು ಕೋಳಿ ಸಾರು. ತೊಡೆ ತುಂಡು ನನ್ನ ತಟ್ಟೆಗೆ ಬೀಳಲಿಲ್ಲ. ತಂಗಿಯ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ತೊಡೆ ತುಂಡು ಯಾರದು ಅನ್ನುವ ಪ್ರಶ್ನೆಯೇ ಇರಲಿಲ್ಲ. ಇವತ್ತು ಅದು ಅಳಿಯನ ತಟ್ಟೆಗೆ ಹೋಯಿತು, ಅದೂ ತಂಗಿ ಸೌಟಿನಲ್ಲಿ ತಡಕಾಡಿ ಹುಡುಕಿ ಹಾಕಿದಳು. ನನಗೆ ಬಂದದ್ದು ಕುತ್ತಿಗೆ.

ಅಳಿಯ ಎಂದರೆ ತಂಗಿಯ ಮಗಳು ಮಂಗಮ್ಮನ ಗಂಡ. ಗೌರಿಬಿದನೂರಿನವನು, ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಭಾನುವಾರ ಬಂತೆಂದರೆ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿ ಅತ್ತೆ ಮನೆಯಲ್ಲಿ ಹಾಜರು. ಜೇಬಿನಲ್ಲಿ ಎರಡು ಪೆನ್ನು. ಸ್ಪ್ಯಾನರು ಹಿಡಿಯುವವನಿಗೆ ಎರಡು ಪೆನ್ನು ಯಾಕೋ.

ಊಟವಾದ ಮೇಲೆ ತಂಗಿ ಎಲೆ ಅಡಿಕೆ ಮುಂದಿಟ್ಟು ಮೆಲ್ಲಗೆ ಮಾತು ತೆಗೆದಳು.

"ಅಣ್ಣಾ, ಈ ಸಲ ಮೇಲಿನ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಹೇಳಣ ಅಂತಾವ್ರೆ ಅಳಿಯಂದ್ರು."

"ಯಾಕೆ, ನನ್ನ ಗಾಡಿ ಸತ್ತೋಯ್ತಾ?"

"ಹೋದ ವರ್ಷ ನಿನ್ನ ಗಾಡಿ ಚಕ್ರ ನಿಂತಲ್ಲೇ ತಿರುಗಿ ತಿರುಗಿ ಹೊಲದಾಗೆ ಬಾವಿ ತೋಡ್ತಲ್ಲಣ್ಣ."

ಬಾವಿಯಂತೆ. ಮೊಣಕಾಲುದ್ದ ಗುಂಡಿ, ಅಷ್ಟೇ. ಗುಡ್ಡದ ಕೆಳಗಿನ ಗರಸು ನೆಲ, ಮಳೆ ಬಿದ್ದರೆ ಆನೆಯೂ ಜಾರುತ್ತದೆ. ನನ್ನ ಟ್ರ್ಯಾಕ್ಟರು ಸಾಹೇಬರ ಸೀಮೆಯಿಂದ ಬಂದದ್ದು. ನಾನು ಎಂಟನೇ ಕ್ಲಾಸು ಬಿಟ್ಟ ವರ್ಷ ಅದು ಹುಟ್ಟಿತು. ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದವರಿಂದ ಅದನ್ನು ತಂದ ದಿನ ನಮ್ಮೂರಿನ ಅರ್ಧ ಜನ ದಾರಿಯಲ್ಲಿ ನಿಂತಿದ್ದರು. ಸುತ್ತ ಹತ್ತು ಹಳ್ಳಿಯಲ್ಲಿ ಅಂಥದ್ದು ಇಲ್ಲ. ಬೂದು ಬಣ್ಣ ಮಾಸಿರಬಹುದು, ಸದ್ದು ಮಾತ್ರ ಈಗಲೂ ಸಾಹೇಬನದೇ.

ಆಗ ಆ ಫಿಟ್ಟರ್ ಬಾಯಿ ಬಿಟ್ಟ. ವರಸೆಯಲ್ಲಿ ನಾನು ಅವನಿಗೆ ದೊಡ್ಡಪ್ಪ.

"ದೊಡ್ಡಪ್ಪಾ, ತಪ್ಪು ತಿಳ್ಕಾಬೇಡಿ. ನಿಮ್ಮ ಗಾಡಿ ಹಿಂದೆ ಹಗುರ. ಎರಡು ಚಕ್ರಕ್ಕೂ ಕಬ್ಬಿಣದ ತೂಕ ಬಿಗಿದ್ರೆ ನೆಲ ಹಿಡ್ಕಂತದೆ, ಜಾರಲ್ಲ."

"ಹದಿನೈದು ವರ್ಷದಿಂದ ಆ ಹೊಲ ಉತ್ತಿರೋನು ನಾನಪ್ಪ. ನೀನು ಉತ್ತಿರೋದು ಯಾವುದು, ಕಾರ್ಖಾನೆ ಅಂಗಳಾನಾ?" ಎಂದೆ. ಅವನು ತಲೆ ತಗ್ಗಿಸಿದ. ಮಂಗಮ್ಮ ಒಳಗಿನಿಂದ "ಮಾವಾ" ಎಂದು ಗದರಿದಳು.

ಕೊನೆಗೆ ತಂಗಿಯೇ ತೀರ್ಮಾನ ಕೊಟ್ಟಳು. ಮೊದಲ ಮಳೆ ಬೀಳಲಿ. ನನ್ನ ಗಾಡಿ ಮೇಲಿನ ಹೊಲ ಹತ್ತಿದರೆ ಈ ವರ್ಷವೂ ಮುಂದಕ್ಕೂ ನಾನೇ ಉಳುವುದು. ಹತ್ತದಿದ್ದರೆ ಅಳಿಯಂದಿರು ಹೇಳಿದ ಹಾಗೆ.

ತಂಗಿಯ ಹೊಲಕ್ಕೆ ಮೊದಲ ಸಾಲು ಎಳೆಯುವವನು ಅಣ್ಣ. ಆ ದಿನ ನಾನೂ ನನ್ನ ಹೆಂಡತಿ ಕೊಂಡಮ್ಮನೂ ಹೊಸಬಟ್ಟೆ ಉಟ್ಟು ಹೋಗುತ್ತೇವೆ. ಮಕ್ಕಳಿಲ್ಲದ ಮನೆಗೆ ವರ್ಷಕ್ಕೊಂದು ಹಬ್ಬ ಎಂದು ಇರುವುದು ಅದೇ. ಬಾಡಿಗೆಯವನು ಬಂದು ಗಂಟೆ ಲೆಕ್ಕದಲ್ಲಿ ಉತ್ತು ಹೋದರೆ ನಾನು ಅಲ್ಲಿಗೆ ಯಾರಾಗಿ ಹೋಗಲಿ?

೧೮ ಮೇ, ಬುಧವಾರ

ಚಿಂತಾಮಣಿಗೆ ಹೋಗಿದ್ದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಚಕ್ರದ ತೂಕ ಕೇಳಿದೆ, ನನಗಲ್ಲ, ಯಾರೋ ನೆಂಟರಿಗೆ ಎಂದು. ಅಂಗಡಿಯವನು ಮಾಡೆಲ್ ಕೇಳಿದ. ಹೇಳಿದೆ.

"ಏಮನ್ನಾ, ಆ ಗಾಡಿ ಇನ್ನೂ ಬದುಕೈತಾ? ಅದರ ಸಾಮಾನು ಇಲ್ಲಿ ಸಿಗಲ್ಲ. ನಿಮ್ಮ ನೆಂಟರಿಗೆ ಹೇಳಿ, ಗಾಡಿಗೆ ಹೂವಿನ ಹಾರ ಹಾಕಿ ಮನೆ ಮುಂದೆ ನಿಲ್ಲಿಸ್ಕಳಕ್ಕೆ."

ಅವನಿಗೆ ಇರುವುದು ಮೊಪೆಡ್ಡು. ಅದನ್ನು ತುಳಿದು ಸ್ಟಾರ್ಟ್ ಮಾಡುವಾಗ ಅವನ ಪಂಚೆ ಉದುರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೇ ನೆನಪಿಸಿ ಬಂದೆ.

೨೨ ಮೇ, ಭಾನುವಾರ

ತಂಗಿಯ ಮನೆಗೆ ಹೋಗಲಿಲ್ಲ. ದಾರಿಯಲ್ಲಿ ಹೋಗುವಾಗ ಸುಮ್ಮನೆ ಕಣ್ಣು ಹಾಯಿಸಿದೆ. ಫಿಟ್ಟರ್ ಅತ್ತೆ ಮನೆಯ ಮಾಡಿನ ಮೇಲೆ ಕೂತು ಹೆಂಚು ಸರಿಮಾಡುತ್ತಿದ್ದ. ಆ ಹೆಂಚನ್ನು ನಾನು ಮುಂದಿನ ವಾರ ಸರಿಮಾಡಬೇಕೆಂದಿದ್ದೆ. ಮೂರು ವರ್ಷದಿಂದ ಅಂದುಕೊಂಡಿದ್ದೆ.

೨೭ ಮೇ, ಶುಕ್ರವಾರ

ನನ್ನ ತಲೆ ಇನ್ನೂ ಹರಿತವಾಗಿದೆ.

ಬೆಳಗ್ಗೆ ಕೊಟ್ಟಿಗೆಯ ಮೂಲೆಯಲ್ಲಿ ಅಮ್ಮನ ಬೀಸೋಕಲ್ಲು ಕಣ್ಣಿಗೆ ಬಿತ್ತು. ಕೈವಾರದಲ್ಲಿ ಹಿಟ್ಟಿನ ಮಿಲ್ಲು ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ, ಕೋಳಿ ಹತ್ತಿ ಕೂರುತ್ತದೆ. ಗುಂಡಗೆ ಚಕ್ರದಂತೆ ಇದೆ. ತೂಕ ಕೇಳಲೇಬೇಡ. ಮೇಲೊಂದು ಕೆಳಗೊಂದು, ಜೋಡಿ. ಚಕ್ರವೂ ಜೋಡಿ. ಕಬ್ಬಿಣ ಯಾತಕ್ಕೆ?

ಚಿಂತಾಮಣಿಯ ವೆಲ್ಡಿಂಗ್ ಮುನಿಶಾಮಿ ನಾಲ್ಕು ಕಬ್ಬಿಣದ ಪಟ್ಟಿಯನ್ನೂ ಉದ್ದುದ್ದ ಬೋಲ್ಟುಗಳನ್ನೂ ಮಾಡಿಕೊಟ್ಟ. ಚಕ್ರವನ್ನು ಜಾಕಿಯಲ್ಲಿ ಎತ್ತಿ ನಿಲ್ಲಿಸಿದೆ. ಹಲಗೆ ಓರೆ ಇಟ್ಟು ಕಲ್ಲನ್ನು ಅದರ ಮೇಲೆ ಉರುಳಿಸುತ್ತ ತಂದು ಚಕ್ರದ ತಟ್ಟೆಗೆ ಒರಗಿಸಿದೆ. ಅಡ್ಡ ಎರಡು ಪಟ್ಟಿ ಕೊಟ್ಟು, ತಟ್ಟೆಯಲ್ಲಿದ್ದ ತೂತುಗಳಿಗೆ ಬೋಲ್ಟು ತೂರಿಸಿ ಬಿಗಿದೆ. ಬಲಕ್ಕೆ ಕೆಳಗಲ್ಲು, ಎಡಕ್ಕೆ ಮೇಲ್ಗಲ್ಲು. ನನ್ನ ಈ ವಯಸ್ಸಿಗೆ ಇನ್ನೊಬ್ಬ ಮಾಡಿ ತೋರಿಸಲಿ.

ಕೊಂಡಮ್ಮ ಬಾಗಿಲಲ್ಲಿ ನಿಂತು ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ನೋಡುತ್ತಿದ್ದಳು.

"ಅತ್ತೆಮ್ಮನ ಕಲ್ಲು ಕಣ್ರೀ ಅದು. ಅರಿಶಿನ ಕುಂಕುಮ ಇಟ್ಟಿರೋ ಕಲ್ಲು."

"ಅಮ್ಮ ಇದ್ದಿದ್ರೆ ಅವಳೇ ಎತ್ತಿ ಕೊಡೋಳು. ಮಗಳ ಹೊಲಕ್ಕೆ ತಾನೆ?"

"ಅದು ಬಿಡಿ. ಕೆಳಗಲ್ಲು ದಪ್ಪ, ಮೇಲ್ಗಲ್ಲು ಸವೆದೈತೆ. ಒಂದೇ ತೂಕ ಇಲ್ಲ. ಬೀಸಿರೋ ಕೈ ನಂದು, ನಂಗೆ ಗೊತ್ತು."

ಗಾಡಿಯ ವಿಚಾರದಲ್ಲಿ ಹೆಂಗಸರ ಮಾತು ಕೇಳುವವನಲ್ಲ ನಾನು.

೨೯ ಮೇ, ಭಾನುವಾರ

ಊರೊಳಗೆ ಒಂದು ಸುತ್ತು ಹಾಕಿದೆ. ಹೋಟೆಲಿನ ಕಟ್ಟೆಯ ಮೇಲೆ ಕೂತಿದ್ದ ಎರ್ರಪ್ಪ ಗ್ಲಾಸು ಕೆಳಗಿಟ್ಟ.

"ನಲ್ಲಪ್ಪಣ್ಣ, ನಮ್ಮನೇಲಿ ಒಂದು ಪಲ್ಲ ರಾಗಿ ಐತೆ. ಚಿಂತಾಮಣಿಗೆ ಹೋಗಿ ಬರೋ ಅಷ್ಟ್ರಲ್ಲಿ ಹಿಟ್ಟಾಗ್ತದಾ?"

ನಗಲಿ. ತಂಗಿಯ ಊರಿಗೂ ಹೋದೆ. ತಂಗಿ ಕಲ್ಲನ್ನು ಸವರಿ ನೋಡಿದಳು. ಫಿಟ್ಟರ್ ನಗುತ್ತಾನೆ ಎಂದು ಕಾದೆ, ನಕ್ಕರೆ ಹೇಳುವುದಕ್ಕೆ ನಾಲ್ಕು ಮಾತು ತಯಾರಿತ್ತು. ಅವನು ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಬೋಲ್ಟು ಒಂದೊಂದನ್ನೇ ಬೆರಳಲ್ಲಿ ಮುಟ್ಟಿದ.

"ಎರಡೂ ಒಂದೇ ತೂಕ ಇದಾವಾ ದೊಡ್ಡಪ್ಪ?"

"ಒಂದೇ ಬಂಡೇಲಿ ಹುಟ್ಟಿದಾವೆ ಕಣಪ್ಪ."

"ಕಲ್ಲು ಅದುರಿಕೆ ತಡೆಯಲ್ಲ ಅನ್ಸುತ್ತೆ. ಸ್ವಲ್ಪ ಓಡಿದ ಮೇಲೆ ಬೋಲ್ಟು ಇನ್ನೊಂದು ಸಲ ಬಿಗೀರಿ."

ನಗದೆ ಇರುವುದೂ ಒಂದು ಸೊಕ್ಕು. ಮಂಗಮ್ಮ ಅವನಿಗೆ ಮಜ್ಜಿಗೆ ತಂದಳು. ಆಮೇಲೆ ನನಗೆ ತಂದಳು. ಆಮೇಲೆ.

೯ ಜೂನ್, ಗುರುವಾರ

ಮಳೆ ಬಂತು. ಮೇಲಿನ ಹೊಲಕ್ಕೆ ಹೋಗಿದ್ದೆ. ಬರೆಯುವಂಥದ್ದು ಏನೂ ಇಲ್ಲ.

೧೦ ಜೂನ್, ಶುಕ್ರವಾರ

ಬರೆಯದಿದ್ದರೆ ಊಟ ಸೇರುವುದಿಲ್ಲ ಎಂದು ಕಾಣುತ್ತದೆ.

ಮೊದಲ ಸಾಲು ಹತ್ತಿತು. ಅದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ. ಎರಡನೇ ಸಾಲಿಗೆ ಎಡಗಡೆ ಚಕ್ರ ಜಾರತೊಡಗಿತು. ಬಲಗಡೆಯದು ನೆಲ ಕಚ್ಚುತ್ತಿದೆ, ಎಡಗಡೆಯದು ತೇಲುತ್ತಿದೆ, ಗಾಡಿಯ ಮೂತಿ ಓರೆಯಾಗಿ ಬದುವಿನ ಕಡೆಗೆ ತಿರುಗುತ್ತಿದೆ. ಸಾಲು ಕುಡುಗೋಲಿನಂತೆ ಬಾಗಿತು. ನಾನು ಹಲ್ಲು ಕಚ್ಚಿ ಸ್ಟೇರಿಂಗು ಎಳೆದು ಹಿಡಿದೆ. ಇಳಿದು ಬೋಲ್ಟು ನೋಡಬೇಕಿತ್ತು. ಇಳಿಯಲಿಲ್ಲ, ಬದುವಿನ ಮೇಲೆ ಜನ ಇದ್ದರು.

ಮೇಲಿನ ತುದಿಯಲ್ಲಿ ತಿರುಗಿಸುವಾಗ ಪಟಾರ್ ಎಂದು ಪಟ್ಟಿ ಬಿಚ್ಚಿತು. ಮೇಲ್ಗಲ್ಲು ನೆಲಕ್ಕೆ ಬಿದ್ದು, ನೆಟ್ಟಗೆ ನಿಂತು, ಇಳಿಜಾರಿನಲ್ಲಿ ಉರುಳಿತು. ಕೆಳಗಿನಿಂದ ತಂಗಿ ನನಗೆ ಬುತ್ತಿ ಹೊತ್ತು ಬರುತ್ತಿದ್ದಳು. ಕೂಗಿದೆ, ನನ್ನ ಕೂಗು ನನಗೇ ಕೇಳಿಸಲಿಲ್ಲ, ಇಂಜಿನ್ನಿನ ಸದ್ದು. ಕಲ್ಲು ಅವಳ ಸೆರಗಿನ ಪಕ್ಕದಲ್ಲಿ ಹಾದು ಹೋಗಿ ಹುಣಸೆಮರಕ್ಕೆ ಬಡಿದು ಎರಡು ಹೋಳಾಯಿತು.

ಅವಳು ನಿಂತಲ್ಲೇ ಕುಸಿದು ಕೂತಳು. ಓಡಿ ಹೋದೆ. ಬುತ್ತಿ ಚೆಲ್ಲಿರಲಿಲ್ಲ, ಎರಡು ಕೈಯಲ್ಲಿ ಅವಚಿಕೊಂಡಿದ್ದಳು.

"ನಿನಗೇನಾಯ್ತು ಲಚ್ಚೀ, ಏಟಾಯ್ತಾ?" ಚಿಕ್ಕಂದಿನಲ್ಲಿ ಹಾಗೆ ಕರೆಯುತ್ತಿದ್ದೆ.

"ನಂಗೇನೂ ಆಗಿಲ್ಲ ಕಣಣ್ಣ. ಅಮ್ಮನ ಕಲ್ಲು ಒಡೆದೋಯ್ತಲ್ಲ."

ಬಾಡಿಗೆ ಟ್ರ್ಯಾಕ್ಟರಿನ ಮಾತು ಅವಳು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ಕೊಂಡಮ್ಮನೂ ತೂಕದ ವಿಚಾರ ತೆಗೆಯಲಿಲ್ಲ. ಎಲ್ಲರೂ ಸೇರಿ ನನಗೆ ಮರ್ಯಾದೆ ಕೊಡುತ್ತಿದ್ದಾರೆ, ತಡೆಯಲಾಗುತ್ತಿಲ್ಲ. ಭಾನುವಾರ ಆ ಫಿಟ್ಟರ್ ಬಂದು ಅವನೂ ಏನೂ ಅನ್ನದೆ ಹೋಗುತ್ತಾನೆ, ನೋಡುತ್ತಿರು.

೧೨ ಜೂನ್, ಭಾನುವಾರ

ಬೆಳಗ್ಗೆ ಹಲ್ಲುಜ್ಜುತ್ತಿದ್ದೆ. ಮನೆ ಮುಂದೆ ಎತ್ತಿನಗಾಡಿ ನಿಂತಿತು. ಗಾಡಿಯಲ್ಲಿ ಅಳಿಯ, ಅವನ ಪಕ್ಕದಲ್ಲಿ ಗೋಣಿಚೀಲ ಸುತ್ತಿದ ಎರಡು ದುಂಡನೆಯ ಗಂಟು. ಅತ್ತೆ ಮನೆಗೆ ಹೋಗದೆ ನೇರ ನನ್ನ ಮನೆಗೇ ಬಂದಿದ್ದಾನೆ. ಗೌರಿಬಿದನೂರಿನ ಗುಜರಿಯಲ್ಲಿ ಹುಡುಕಿದನಂತೆ. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲವಂತೆ, ಲಾರಿಯಲ್ಲಿ ಕೂತು ಕೈವಾರದ ಗೇಟಿನವರೆಗೆ ಬಂದು ಅಲ್ಲಿಂದ ಎತ್ತಿನಗಾಡಿ ಹಿಡಿದನಂತೆ. ಚೀಲ ಬಿಚ್ಚಿದರೆ ಬೀಡುಕಬ್ಬಿಣದ ತೂಕ, ಒಂದು ಜೊತೆ, ನನ್ನ ಗಾಡಿಯ ಬಣ್ಣದ್ದೇ ಪುಡಿ ಅಲ್ಲಲ್ಲಿ ಅಂಟಿಕೊಂಡಿದೆ.

"ಯಾರು ತರೋಕೆ ಹೇಳಿದ್ರು ನಿನಗೆ?"

"ಯಾರೂ ಇಲ್ಲ ದೊಡ್ಡಪ್ಪ."

ದೊಡ್ಡಸ್ತಿಕೆ ತೋರಿಸಲು ಬಂದಿದ್ದಾನೆ ಎಂದುಕೊಂಡೆ. ಈಗಲೂ ಅರ್ಧ ಹಾಗೆಯೇ ಅನ್ನಿಸುತ್ತದೆ.

ಉಳಿದಿದ್ದ ಕೆಳಗಲ್ಲನ್ನು ಬಿಚ್ಚಿ ತೂಕ ಕೂರಿಸಲು ಹೋದರೆ ಕೂರಲಿಲ್ಲ. ತೂಕವನ್ನು ಹಲಗೆಯ ಮೇಲೆ ಎತ್ತಿ ಚಕ್ರಕ್ಕೆ ಒತ್ತಿದರೆ ನಡುವೆ ಒಂದು ಗೇಣು ಸಂದು. ಅವನು ಸ್ಕೇಲು ಹಿಡಿದು ಅಳೆದ, ಪೆನ್ನು ತೆಗೆದು ಅಂಗೈ ಮೇಲೆ ಬರೆದ, ಇನ್ನೊಂದು ಪೆನ್ನು ತೆಗೆದು ಇನ್ನೊಂದು ಬರೆದ, ಮುಖ ಸಣ್ಣ ಮಾಡಿಕೊಂಡ.

"ಬೇರೆ ಮಾಡೆಲ್ದು ತಂದ್ಬಿಟ್ಟೆ ಅನ್ಸುತ್ತೆ ದೊಡ್ಡಪ್ಪ. ಅಷ್ಟು ದೂರದಿಂದ ಹೊತ್ಕಂಡ್ ಬಂದು."

ಬಿಡಬೇಕಿತ್ತು ಹಾಗೆಯೇ. ಆದರೆ ಕಣ್ಣಿಗೆ ಕಂಡದ್ದನ್ನು ಹೇಳದೆ ಇರಲು ನನಗೆ ಬರುವುದಿಲ್ಲ. ತೋಟದವರು ದ್ರಾಕ್ಷಿ ಸಾಲಿನ ನಡುವೆ ಓಡಿಸಲೆಂದು ಹಿಂದಿನ ಚಕ್ರಗಳನ್ನು ಒಳಹೊರಗು ತಿರುಗಿಸಿ ಹಾಕಿಸಿದ್ದರು. ನಾನು ಹಾಗೆಯೇ ಬಿಟ್ಟಿದ್ದೆ. ಚಕ್ರ ಬಿಚ್ಚಿ ತಿರುಗಿಸಿದರೆ ತಟ್ಟೆಯ ತಗ್ಗು ಹೊರಗೆ ಬರುತ್ತದೆ, ತೂಕ ಆ ತಗ್ಗಿನಲ್ಲಿ ಕೂರುತ್ತದೆ. ಹೇಳಿದೆ.

ಅವನು ಬಗ್ಗಿ ಚಕ್ರದ ತಟ್ಟೆ ಮುಟ್ಟಿ ನೋಡಿದ. "ಇದು ನಂಗೆ ಹೊಳೀಲೇ ಇಲ್ಲ."

"ಹೊಳೆಯೋಕೆ ಗಾಡಿ ಜೊತೆ ಸಂಸಾರ ಮಾಡಿರಬೇಕಪ್ಪ."

ಚಕ್ರ ಬಿಚ್ಚುವಷ್ಟರಲ್ಲಿ ಇಬ್ಬರಿಗೂ ಬೆವರು ಕಿತ್ತುಕೊಂಡು ಬಂತು. ಕೊಂಡಮ್ಮ ಅವನಿಗೆ ನನ್ನ ಹಳೇ ಬನಿಯನ್ನು ಕೊಟ್ಟಳು. ತಿರುಗಿಸಿ ಹಾಕಿದೆವು. ಅವನು ಕೆಳಗಿನಿಂದ ಗಡಾರಿ ಕೊಟ್ಟು ಎತ್ತಿ ಹಿಡಿದ, ನಾನು ತೂತಿಗೆ ತೂತು ಕೂಡಿಸಿ ಬೋಲ್ಟು ತೂರಿಸಿದೆ. ಎದುರುಬದುರು ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದನ್ನೇ ಪೂರ್ತಿ ಬಿಗಿದರೆ ತೂಕ ಸೊಟ್ಟಗೆ ಕೂರುತ್ತದೆ ಎಂದ. ನನಗೆ ಮೊದಲೇ ಗೊತ್ತಿತ್ತು. ಅವನು ಹೇಳಿದ್ದು ಮೊದಲು, ಅಷ್ಟೇ.

ಕೈ ತೊಳೆಯುವಾಗ ಅವನೇ ಬಾಯಿ ಬಿಟ್ಟ.

"ದೊಡ್ಡಪ್ಪಾ, ಒಂದು ಮಾತು. ಅತ್ತೆಗೆ ಹೇಳ್ಬೇಡಿ. ನಂಗೆ ಉಳೋಕೆ ಬರಲ್ಲ. ನಮ್ಮಪ್ಪನಿಗೆ ಹೊಲ ಇರಲಿಲ್ಲ, ನಾನು ನೇಗಿಲೂ ಮುಟ್ಟಿಲ್ಲ, ಸ್ಟೇರಿಂಗೂ ಮುಟ್ಟಿಲ್ಲ. ನಿಮ್ಮ ಗಾಡಿ ನಿಂತ್ರೆ ಅತ್ತೆ ಎಲ್ಲಿ ನನ್ನ ಹೊಲಕ್ಕೆ ಇಳಿ ಅಂತಾರೋ ಅಂತ ಭಯ ಆಗಿ ಬಾಡಿಗೆ ಗಾಡಿ ಅಂದೆ."

ಭಾನುವಾರ ಭಾನುವಾರ ತೊಡೆ ತುಂಡು ತಿಂದವನಿಗೆ ಉಳಲು ಬರುವುದಿಲ್ಲ. ಎರ್ರಪ್ಪ ಕೂರುವ ಹೋಟೆಲಿನ ಕಟ್ಟೆಗೆ ಈ ಸುದ್ದಿ ಕೊಟ್ಟರೆ ಒಂದು ವರ್ಷಕ್ಕೆ ಸಾಕು. ಸಾಯಂಕಾಲ ಕಟ್ಟೆಗೆ ಹೋದೆ, ಕಾಫಿ ಕುಡಿದೆ, ಬಂದೆ. ಎರ್ರಪ್ಪ ಬೀಸೋಕಲ್ಲಿನ ಮಾತು ಎತ್ತಿದ, ಅದರಲ್ಲೇ ಹೊತ್ತು ಹೋಯಿತು. ಹೇಳಲು ಆಗಲಿಲ್ಲ.

೧೯ ಜೂನ್, ಭಾನುವಾರ

ಶುಕ್ರವಾರ ಮತ್ತೊಂದು ಹದ ಮಳೆ. ಇವತ್ತು ಮೇಲಿನ ಹೊಲ ಉತ್ತೆ.

ಹತ್ತಿತು. ಬೆಣ್ಣೆಯಲ್ಲಿ ಕೈ ಆಡಿಸಿದ ಹಾಗೆ ಹತ್ತಿತು. ಚಕ್ರದ ಹಲ್ಲು ಅಚ್ಚು ಒತ್ತಿದಂತೆ ನೆಲದಲ್ಲಿ ಮೂಡುತ್ತಿತ್ತು, ಒಂದು ಕಡೆಯೂ ಜಾರಲಿಲ್ಲ. ಅರ್ಧ ಹೊಲ ಆಗುವ ಹೊತ್ತಿಗೆ ಅಳಿಯ ಹನುಮಂತರಾಯಪ್ಪ ಸ್ಪ್ಯಾನರು ಹಿಡಿದು ಬದುವಿನಿಂದ ಓಡಿ ಬಂದ. ಬೋಲ್ಟು ಇನ್ನೊಂದು ಸಲ ಬಿಗಿಯಬೇಕು ಎಂದ. ಈ ಸಲ ಗಾಡಿ ನಿಲ್ಲಿಸಿದೆ. ಇಬ್ಬರೂ ಒಂದೊಂದು ಕಡೆ ಬಿಗಿದೆವು.

ತಂಗಿ ಬದುವಿನ ಮೇಲೆ ಹೆಂಗಸರ ಜೊತೆ ನಿಂತಿದ್ದಳು. ಗಾಡಿ ಹತ್ತಿರ ಬಂದಾಗ ಅವಳ ಮಾತು ಕಿವಿಗೆ ಬಿತ್ತು. "ನಮ್ಮ ಅಳಿಯಂದ್ರು ಗೌರಿಬಿದನೂರಿಂದ ತೂಕ ಹೊತ್ಕಂಡ್ ಬಂದ್ರು, ಅದಕ್ಕೆ ಹತ್ತಿದ್ದು." ಗಾಡಿ ನನ್ನದು, ಚಕ್ರ ತಿರುಗಿಸಿದ್ದು ನನ್ನ ತಲೆ, ಸೊಂಟ ನೋಯುತ್ತಿರುವುದು ನನ್ನದು. ಹೆಸರು ಅವನದು.

ಆದರೆ ಆ ಹೆಂಗಸರಲ್ಲೊಬ್ಬಳು, ಪೆದ್ದಮ್ಮ, ಬಾಯಿಬಡುಕಿ, "ಅಂಗಾದ್ರೆ ಅಳಿಯಂದ್ರೂ ಒಂದು ಸಾಲು ಉಳಲಿ, ನೋಡಣ" ಎಂದುಬಿಟ್ಟಳು. ಅವನ ಮುಖ ಸುಣ್ಣವಾಯಿತು. ನನಗೆ ಬೇಕಾಗಿದ್ದೂ ಅದೇ. ಸುಮ್ಮನೆ ಇಳಿದು ಪಕ್ಕಕ್ಕೆ ನಿಂತಿದ್ದರೆ ಸಾಕಿತ್ತು.

"ಬಾರಪ್ಪ, ಮೇಲಕ್ಕೆ," ಎಂದೆ. ಮಡ್‌ಗಾರ್ಡಿನ ಮೇಲೆ ಅವನ ಪಕ್ಕ ಕೂತೆ. ಜನಕ್ಕೆ ಕೇಳಿಸದ ಹಾಗೆ ಕಾಲಲ್ಲೇ ಅವನ ಕಾಲು ತಟ್ಟಿ ಕ್ಲಚ್ಚು ತೋರಿಸಿದೆ. ಎದುರಿಗಿನ ಬೇವಿನ ಮರ ನೋಡು, ಚಕ್ರ ನೋಡಬೇಡ, ನೆಲ ನೋಡಬೇಡ, ಮರ ನೋಡಿಕೊಂಡು ಹೋಗು ಎಂದೆ. ಸ್ಟೇರಿಂಗು ಹಿಡಿದ ಅವನ ಬೆರಳು ಬೆಳ್ಳಗಾಗಿತ್ತು. ಸಾಲು ನೆಟ್ಟಗೇ ಬಂತು. ಕೊನೆಯಲ್ಲಿ ಸ್ವಲ್ಪ ಓಲಿತು, ಅದು ಇಂಜಿನ್ನಿನ ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ನನ್ನ ಸೊಂಟ ನೋಯುತ್ತಿತ್ತು, ಅದಕ್ಕೇ ಅವನನ್ನು ಹತ್ತಿಸಿದ್ದು. ಇನ್ನೂ ನಾಲ್ಕು ಸಾಲು ಅವನೇ ಹೊಡೆದ.

೨೬ ಜೂನ್, ಭಾನುವಾರ

ಹನುಮಂತು ಬಂದಿದ್ದ. ರಿವರ್ಸ್ ಕಲಿಸಿದೆ. ಕೋಳಿಗೂಡು ಬಿತ್ತು. ಕೊಂಡಮ್ಮ ನನ್ನನ್ನು ಬೈದಳು, ಅವನನ್ನಲ್ಲ. ಅವಳೂ ಆ ಕಡೆ ಸೇರಿದಳು.

೩ ಜುಲೈ, ಭಾನುವಾರ

ಹನುಮಂತು ಬರಲಿಲ್ಲ. ಅಡುಗೆ ಮಾಡಿಸಿದ್ದೆ. ಮಳೆಯಿಂದ ಬಸ್ಸು ಇಲ್ಲವೇನೋ ಎಂದು ಕೈವಾರದ ಗೇಟಿನವರೆಗೆ ಹೋಗಿ ನಿಂತೆ. ಬಸ್ಸುಗಳೆಲ್ಲ ಬಂದವು.

೧೦ ಜುಲೈ, ಭಾನುವಾರ

ವಿಷಯ ಗೊತ್ತಾಯಿತು. ಮುರುಗಮಲ್ಲದ ಆವುಲಪ್ಪನ ಹತ್ತಿರವೂ ಒಂದು ಹಳೇ ಟ್ರ್ಯಾಕ್ಟರಿದೆ. ನಮ್ಮ ಗಾಡಿ ಗುಡ್ಡ ಹತ್ತಿದ್ದು ಕೇಳಿ, ಹನುಮಂತುವನ್ನು ಕರೆಸಿಕೊಂಡಿದ್ದಾನೆ. ಹೋದ ಭಾನುವಾರವೂ ಅಲ್ಲಿ, ಇವತ್ತೂ ಅಲ್ಲಿ. ಆವುಲಪ್ಪ ಅವನಿಗೆ ಬಿರಿಯಾನಿ ತರಿಸುತ್ತಾನಂತೆ.

ಆ ಗಾಡಿಯನ್ನು ನಾನು ನೋಡಿದ್ದೇನೆ. ಸೈಲೆನ್ಸರಿನಲ್ಲಿ ಗುಬ್ಬಿ ಗೂಡು. ಅದಕ್ಕೆ ತೂಕ ಹಾಕಿದರೂ ಒಂದೇ, ತುರಾಯಿ ಹಾಕಿದರೂ ಒಂದೇ. ಒಳ್ಳೆಯ ಹುಡುಗನ ಭಾನುವಾರ ಹಾಳು ಮಾಡಲು ಅವನಿಗೆ ಏನು ಹಕ್ಕು? ಕ್ಲಚ್ಚು ಕಲಿಸಿದ್ದು ಯಾರು? ಬೇವಿನ ಮರ ತೋರಿಸಿದ್ದು ಯಾರು?

ಬೋಲ್ಟು ಸಡಿಲವಾಗಿದೆ ಎಂದು ಕೊಂಡಮ್ಮನಿಗೆ ಹೇಳಿ ಟ್ರ್ಯಾಕ್ಟರು ತೆಗೆದುಕೊಂಡು ಮುರುಗಮಲ್ಲಕ್ಕೆ ಹೋದೆ. ಬೋಲ್ಟು ಸಡಿಲವಾಗಿರಲಿಲ್ಲ, ದಾರಿಯಲ್ಲಿ ಇಳಿದು ಒಂದನ್ನು ಸಡಿಲ ಮಾಡಿಕೊಂಡೆ.

ಅಂಗಳದಲ್ಲಿ ಹನುಮಂತು ಚಕ್ರದ ಕೆಳಗೆ ಕೂತಿದ್ದ, ಆವುಲಪ್ಪ ಕುರ್ಚಿಯಲ್ಲಿ ಕೂತಿದ್ದ.

"ಯಾರಪ್ಪ ಇವರು?" ಎಂದ ಆವುಲಪ್ಪ. ಚಿಂತಾಮಣಿ ಸಂತೆಯಲ್ಲಿ ಇಪ್ಪತ್ತು ಸಲ ನನ್ನನ್ನು ನೋಡಿದ್ದಾನೆ.

ಹನುಮಂತು ಎದ್ದು ನಿಂತು ಕೈ ಒರೆಸಿಕೊಂಡ. "ನಮ್ಮ ದೊಡ್ಡಪ್ಪ. ನಂಗೆ ಉಳೋದು ಕಲಿಸಿದ್ದು ಇವರೇ. ದೊಡ್ಡಪ್ಪಾ, ಒಳ್ಳೆ ಹೊತ್ತಿಗೆ ಬಂದ್ರಿ. ಇದು ಯಾಕೋ ಕೂರ್ತಾ ಇಲ್ಲ, ಒಂಚೂರು ನೋಡಿ."

ಮುಚ್ಚಿಡಿ ಎಂದವನೇ, ಹೊರಗಿನವನ ಮುಂದೆ, ತಾನೇ ಹೇಳಿಬಿಟ್ಟ. ನೋಡಿದೆ. ತೂಕದ ಹಿಂದೆ ತುಕ್ಕಿನ ಹಪ್ಪಳ ಕಟ್ಟಿತ್ತು. ಕೆರೆದು ಹಾಕಿಸಿದೆ, ಕೂತಿತು. ಆವುಲಪ್ಪ ಕುರ್ಚಿ ಬಿಟ್ಟು ಏಳಬೇಕಾಯಿತು. ಅವನ ಮುಖ ಹುಣಸೆಕಾಯಿ ಕಚ್ಚಿದಂತಿತ್ತು.

ಹನುಮಂತುವನ್ನು ನನ್ನ ಗಾಡಿಯಲ್ಲೇ ಕೂರಿಸಿಕೊಂಡು ತಂಗಿಯ ಮನೆಗೆ ಬಂದೆ. ಅವನೇ ಓಡಿಸಿದ. ತಂಗಿ ತಟ್ಟೆ ಹಾಕಿ ಕೇಳಿದಳು.

"ಅಣ್ಣಾ, ಮುಂದಿನ ವರ್ಷ ಮೇಲಿನ ಹೊಲ ನೀನೇ ತಾನೆ ಉಳೋದು? ಗಾಡಿ ಹತ್ತಿತಲ್ಲ, ಮಾತು ಮಾತೇ."

"ಹನುಮಂತು ಉಳಲಿ ಬಿಡು. ನಾನು ಮಡ್‌ಗಾರ್ಡ್ ಮೇಲೆ ಕೂತಿರ್ತೀನಿ. ಇಲ್ದಿದ್ರೆ ಆ ಆವುಲಪ್ಪ ಎಳ್ಕೊಂಡ್ ಹೋಗ್ತಾನೆ."

ತಂಗಿ ಸೌಟು ಹಿಡಿದುಕೊಂಡು ನನ್ನನ್ನು ಯಾಕೆ ಹಾಗೆ ನೋಡಿದಳೋ ಗೊತ್ತಿಲ್ಲ. ನನಗೆ ಇನ್ನೂ ಆ ಆವುಲಪ್ಪನ ಮುಖವೇ ಕಣ್ಣ ಮುಂದಿತ್ತು. ಇನ್ನೊಬ್ಬರ ಮನೆಯ ಹುಡುಗ ಇನ್ನೊಬ್ಬರನ್ನು ದೊಡ್ಡಪ್ಪ ಎಂದರೆ ಅಷ್ಟು ಉರಿದುಕೊಳ್ಳುತ್ತಾನಲ್ಲ, ಎಂಥೆಂಥ ಹೊಟ್ಟೆಕಿಚ್ಚಿನ ಜನ ಇರುತ್ತಾರೆ.